2016ರ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದ ಮೇಲೆ ಬೆಂಗಳೂರು ಎಫ್‌ಸಿಯನ್ನು (ಬಿಎಫ್‌ಸಿ) ಹಿಂಬಾಲಿಸಲು ಶುರು ಮಾಡಿದವರಿಗೆ 2016ರ ಕಥೆ ಅರ್ಧಂಬರ್ಧ ಗೊತ್ತಿರುತ್ತದೆ. ಏಷ್ಯಾ ಮಟ್ಟದ ಫೈನಲ್‌ಗೆ ಹೋಗಿತ್ತಂತೆ, ಸೋತಿತಂತೆ ಅನ್ನುವಷ್ಟು. ಆ ಸೀಸನ್ ಬಗ್ಗೆ ಜಾಸ್ತಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಅಲ್ಲಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ. ಒಪ್ಪದಿದ್ದರೆ ಜಗಳ ಆಡಬಹುದು, ಫುಟ್‌ಬಾಲ್ ಇರುವುದೇ ಅದಕ್ಕೆ.

ಎಎಫ್‌ಸಿ ಕಪ್ ಅಂದರೆ ಯಾವ ಟೂರ್ನಿ? ಚಾಂಪಿಯನ್ಸ್ ಲೀಗೇ ಅದಾ?

ಅಲ್ಲ. ಏಷ್ಯನ್ ಫುಟ್‌ಬಾಲ್ ಒಕ್ಕೂಟ ಕ್ಲಬ್‌ಗಳಿಗಾಗಿ ನಡೆಸುತ್ತಿದ್ದ ಎರಡನೇ ದರ್ಜೆಯ ಟೂರ್ನಿ ಇದು. 2004ರಲ್ಲಿ ಶುರುವಾಯಿತು. ಮೊದಲ ಕಪ್ ಗೆದ್ದದ್ದು ಸಿರಿಯಾದ ಅಲ್ ಜೈಶ್. ಮೇಲಿನ ದರ್ಜೆಯಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಇತ್ತು. ಜಪಾನ್, ದಕ್ಷಿಣ ಕೊರಿಯಾ, ಚೀನಾ, ಸೌದಿ ಅರೇಬಿಯಾ, ಇರಾನ್ ಕಡೆಯ ದೊಡ್ಡ ಕ್ಲಬ್‌ಗಳು ಅಲ್ಲಿ ಆಡುತ್ತಿದ್ದವು. ಫುಟ್‌ಬಾಲ್ ಇನ್ನೂ ಬೆಳೆಯುತ್ತಿರುವ ದೇಶಗಳ ಕ್ಲಬ್‌ಗಳಿಗೆ ಎಎಫ್‌ಸಿ ಕಪ್.

ಎರಡನೇ ದರ್ಜೆ ಅಂದ ತಕ್ಷಣ ಸುಲಭ ಅಂದುಕೊಳ್ಳಬೇಡಿ. ಇರಾಕ್, ಸಿರಿಯಾ, ಲೆಬನಾನ್, ಜೋರ್ಡಾನ್ ಕ್ಲಬ್‌ಗಳು ಇಲ್ಲಿ ಆಡುತ್ತಿದ್ದವು. ಆಗ್ನೇಯ ಏಷ್ಯಾದಲ್ಲಿ ನಮಗಿಂತ ಎಷ್ಟೋ ಜಾಸ್ತಿ ದುಡ್ಡು ಸುರಿಯುವ ಕ್ಲಬ್‌ಗಳೂ ಇದ್ದವು. 2016ಕ್ಕಿಂತ ಮೊದಲು ಭಾರತದ ಯಾವ ಕ್ಲಬ್ಬೂ ಇದರ ಫೈನಲ್ ಮುಟ್ಟಿರಲಿಲ್ಲ.

ಬಿಎಫ್‌ಸಿಗೆ ಆ ಸಲ ಪ್ರವೇಶ ಸಿಕ್ಕಿದ್ದು ಹೇಗೆ? ಐ-ಲೀಗ್ ಗೆದ್ದಿದ್ದರಿಂದ ತಾನೇ?

ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಬಿಎಫ್‌ಸಿ 2015–16ರ ಐ-ಲೀಗ್ (ದೇಶದ ಆಗಿನ ರಾಷ್ಟ್ರೀಯ ಲೀಗ್) ಗೆದ್ದದ್ದು ನಿಜ. ಆದರೆ ಆ ಹೊತ್ತಿಗೆ ಎಎಫ್‌ಸಿ ಕಪ್ ಆಗಲೇ ನಡೆಯುತ್ತಿತ್ತು. ಪ್ರವೇಶ ಕೊಡಿಸಿದ್ದು ಅದಕ್ಕಿಂತ ಹಿಂದಿನ ಫೆಡರೇಷನ್ ಕಪ್, ಅಂದರೆ ದೇಶದ ಕ್ಲಬ್‌ಗಳ ಕಪ್ ಟೂರ್ನಿ. 2015ರ ಜನವರಿಯಲ್ಲಿ ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 2–1ರಿಂದ ಸೋಲಿಸಿ ಗೆದ್ದ ಕಪ್ ಅದು.

ಲೆಕ್ಕ ಹಾಕಿ ನೋಡಿ. 2015ರ ಜನವರಿಯಲ್ಲಿ ಗೆದ್ದ ಒಂದು ಪಂದ್ಯದ ಫಲ 2016ರ ನವೆಂಬರ್‌ವರೆಗೆ ನಡೆಯಿತು. ಭಾರತದ ಫುಟ್‌ಬಾಲ್ ಕ್ಯಾಲೆಂಡರ್ ಹಾಗಿತ್ತು. ಈ ಕ್ಯಾಲೆಂಡರ್ ವಿಷಯ ಮುಂದೆಯೂ ಬರುತ್ತದೆ. ಯಾಕೆಂದರೆ ಬಿಎಫ್‌ಸಿಯ ಆ ಓಟದಲ್ಲಿ ನಿಜವಾದ ತೊಡಕು ಇದ್ದದ್ದೇ ಅಲ್ಲಿ.

ಟೂರ್ನಿ ಯಾವ ರೀತಿ ನಡೆಯುತ್ತಿತ್ತು?

32 ತಂಡ, ನಾಲ್ಕು ತಂಡಗಳ ಎಂಟು ಗುಂಪು. ಪಶ್ಚಿಮ ವಲಯಕ್ಕೆ ನಾಲ್ಕು ಗುಂಪು, ಪೂರ್ವ ವಲಯಕ್ಕೆ ನಾಲ್ಕು. ಭಾರತದ ಕ್ಲಬ್‌ಗಳು ಆಗ ಪೂರ್ವ ವಲಯದಲ್ಲಿದ್ದವು. ಪ್ರತಿ ಗುಂಪಿನ ಮೊದಲ ಎರಡು ತಂಡಗಳು ನಾಕೌಟ್‌ಗೆ. 16ರ ಸುತ್ತಿನಲ್ಲಿ ಒಂದೇ ಪಂದ್ಯ, ಅದೂ ಗುಂಪಿನಲ್ಲಿ ಮೊದಲು ಬಂದ ತಂಡದ ತವರಿನಲ್ಲಿ. ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್‌ಗೆ ಎರಡೆರಡು ಲೆಗ್, ಅಂದರೆ ತವರಿನಲ್ಲಿ ಒಂದು ಪಂದ್ಯ, ಎದುರಾಳಿಯ ಊರಿನಲ್ಲಿ ಒಂದು. ಪೂರ್ವದ ತಂಡ ಪಶ್ಚಿಮದ ತಂಡವನ್ನು ಎದುರಿಸುತ್ತಿದ್ದದ್ದು ಫೈನಲ್‌ನಲ್ಲಿ ಮಾತ್ರ. ಹಾಗಾಗಿ ಫೈನಲ್‌ನಲ್ಲಿ ಎದುರಾದ ಇರಾಕ್ ತಂಡ ಏನು, ಎತ್ತ ಅಂತ ಬಿಎಫ್‌ಸಿಗೆ ಮೈದಾನದಲ್ಲಿ ಗೊತ್ತಾಗಿದ್ದು ಕೊನೆಯ ಪಂದ್ಯದಲ್ಲೇ.

ಗುಂಪಿನಲ್ಲಿ ಯಾರ್ಯಾರು ಇದ್ದರು?

ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ (ಎಲ್ಲರೂ ಜೆಡಿಟಿ ಅನ್ನುತ್ತಾರೆ), ಮ್ಯಾನ್ಮಾರ್‌ನ ಅಯೆಯವಾಡಿ ಯುನೈಟೆಡ್, ಲಾವೋಸ್‌ನ ಲಾವೊ ಟೊಯೊಟಾ. ಜೆಡಿಟಿ ಮೊದಲ ಸ್ಥಾನ, ಬಿಎಫ್‌ಸಿ ಎರಡನೆಯದು. ಗುಂಪಿನ ಎರಡೂ ಪಂದ್ಯಗಳಲ್ಲಿ ಬಿಎಫ್‌ಸಿ ಜೆಡಿಟಿಗೆ ಸೋತಿತು. ಈ ಮಾತು ನೆನಪಿಟ್ಟುಕೊಳ್ಳಿ.

ಗುಂಪಿನ ಹಂತದ ಆಟ ಅಂಥ ಮೆಚ್ಚುವ ಹಾಗೇನೂ ಇರಲಿಲ್ಲ. ಐ-ಲೀಗ್ ಪ್ರಶಸ್ತಿಗಾಗಿ ಕೋಲ್ಕತ್ತದ ಮೋಹನ್ ಬಾಗಾನ್ ಜೊತೆ ಪೈಪೋಟಿ, ನಡುನಡುವೆ ಯಾಂಗೋನ್, ವಿಯೆಂಟಿಯಾನ್, ಜೊಹೊರ್ ಬಾಹ್ರುಗೆ ವಿಮಾನ ಹತ್ತುವುದು. ಏಪ್ರಿಲ್ 17ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಸಾಲ್ಗಾಂವ್ಕರ್ ವಿರುದ್ಧ ಗೆದ್ದು ಲೀಗ್ ಕಿರೀಟ ಹಾಕಿಕೊಂಡದ್ದೂ ಇದೇ ಓಡಾಟದ ನಡುವೆ.

ಮೋಹನ್ ಬಾಗಾನ್ ಕೂಡ ಇತ್ತಲ್ವಾ? ಅವರದ್ದು ಏನಾಯಿತು?

ಇತ್ತು. 2014–15ರ ಐ-ಲೀಗ್ ಗೆದ್ದಿದ್ದರಿಂದ ಬಾಗಾನ್‌ಗೆ ಮೊದಲು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತು. ಅಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಮೇಲೆ 3–1ರ ಗೆಲುವು, ಆಮೇಲೆ ಚೀನಾದ ಶಾನ್‌ಡಾಂಗ್ ಲುನೆಂಗ್ ಕೈಯಲ್ಲಿ 0–6ರ ಸೋಲು. ಎರಡು ದರ್ಜೆಗಳ ನಡುವೆ ಎಷ್ಟು ಅಂತರ ಇತ್ತು ಅಂತ ಆ ಆರು ಗೋಲುಗಳೇ ಹೇಳುತ್ತವೆ. ನಂತರ ಎಎಫ್‌ಸಿ ಕಪ್‌ಗೆ ಬಂದ ಬಾಗಾನ್ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಆದರೆ 16ರ ಸುತ್ತಿನಲ್ಲಿ ಗುವಾಹಟಿಯಲ್ಲಿ ಅದೇ ಟ್ಯಾಂಪಿನೀಸ್‌ಗೆ ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತಿತು.

16ರ ಸುತ್ತಿನಲ್ಲಿ ಬಿಎಫ್‌ಸಿ ಯಾರನ್ನು ಸೋಲಿಸಿತು?

ಹಾಂಗ್‌ಕಾಂಗ್‌ನ ಕಿಚಿ ತಂಡವನ್ನು, ಅವರದೇ ಊರಿನಲ್ಲಿ, 3–2ರಿಂದ. 2016ರ ಮೇ ಕೊನೆಯ ವಾರ.

ಹಿಂದಿನ ವರ್ಷ ಇದೇ ಸುತ್ತಿನಲ್ಲಿ ಹಾಂಗ್‌ಕಾಂಗ್‌ನದೇ ಸೌತ್ ಚೈನಾಗೆ ಬಿಎಫ್‌ಸಿ ಸೋತಿತ್ತು. ಅದೂ ಬೆಂಗಳೂರಿನಲ್ಲೇ. ಗುಂಪಿನಲ್ಲಿ ಎರಡನೇ ಸ್ಥಾನ ಬಂದದ್ದರಿಂದ ಈ ಸಲ ಹೊರಗೆ ಹೋಗಿ ಒಂದೇ ಪಂದ್ಯದಲ್ಲಿ ಗೆಲ್ಲಬೇಕಿತ್ತು. ಸೆಮಿಫೈನಲ್ ಗದ್ದಲದಲ್ಲಿ ಈ ಪಂದ್ಯವನ್ನು ಎಲ್ಲರೂ ಮರೆತೇಬಿಟ್ಟಿದ್ದಾರೆ. ಇದನ್ನು ಸೋತಿದ್ದರೆ ಇಷ್ಟು ಪ್ರಶ್ನೆಗಳೇ ಹುಟ್ಟುತ್ತಿರಲಿಲ್ಲ.

ಟೂರ್ನಿಯ ನಡುವೆ ಕೋಚ್ ಬದಲಾದರಂತೆ, ನಿಜವಾ?

ನಿಜ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಆಶ್ಲೀ ವೆಸ್ಟ್‌ವುಡ್ ಕೋಚ್ ಆಗಿದ್ದರು. ಇಂಗ್ಲೆಂಡಿನವರು, ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು. ಮೂರು ಸೀಸನ್‌ನಲ್ಲಿ ಎರಡು ಐ-ಲೀಗ್, ಒಂದು ಫೆಡರೇಷನ್ ಕಪ್ ಗೆಲ್ಲಿಸಿಕೊಟ್ಟರು. ಕಿಚಿ ಪಂದ್ಯ ಮುಗಿದ ಮೇಲೆ ಕ್ಲಬ್ ಬಿಟ್ಟರು.

ಜುಲೈನಲ್ಲಿ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಫ್ರಾಂಕ್ ರೈಕಾರ್ಡ್ ಬಾರ್ಸಿಲೋನಾ ಕೋಚ್ ಆಗಿದ್ದಾಗ ಅವರ ಸಹಾಯಕರ ಬಳಗದಲ್ಲಿದ್ದವರು. ಬೆಂಗಳೂರಿಗೆ ಬರುವ ಮೊದಲು ಎಲ್ ಸಾಲ್ವಡಾರ್ ದೇಶದ ತಂಡಕ್ಕೆ ಕೋಚ್ ಆಗಿದ್ದರು. ಅವರ ಜೊತೆ ಬಂದ ಸಹಾಯಕ ಕೋಚ್ ಕಾರ್ಲೆಸ್ ಕುವಾಡ್ರಟ್. ಮುಂದೆ 2018–19ರಲ್ಲಿ ಬಿಎಫ್‌ಸಿಗೆ ಐಎಸ್‌ಎಲ್ ಕಪ್ ತಂದುಕೊಟ್ಟವರು ಇವರೇ.

ವೆಸ್ಟ್‌ವುಡ್ ತಂಡ ಗಟ್ಟಿ ದೇಹದ, ಓಡುವ, ನೇರಾನೇರ ಆಡುವ ತಂಡ. ರೋಕಾಗೆ ಚೆಂಡು ಕಾಲಲ್ಲೇ ಇರಬೇಕು, ಪಾಸ್ ಮಾಡಿಕೊಂಡೇ ಮುಂದೆ ಹೋಗಬೇಕು. ಹೊಸ ಕೋಚ್‌ಗೆ ಹೊಸ ಪಾಠ ಕಲಿಸಲು ಸಾಮಾನ್ಯವಾಗಿ ಲೀಗ್ ಪಂದ್ಯಗಳಾದರೂ ಸಿಗುತ್ತವೆ. ರೋಕಾಗೆ ಅದೂ ಸಿಗಲಿಲ್ಲ. ಅವರ ಮುಂದೆ ಇದ್ದದ್ದು ನೇರವಾಗಿ ಏಷ್ಯಾದ ಕ್ವಾರ್ಟರ್ ಫೈನಲ್.

ಲೀಗ್ ಪಂದ್ಯ ಯಾಕೆ ಇರಲಿಲ್ಲ?

ಬಿಎಫ್‌ಸಿ ಆಡುತ್ತಿದ್ದ ಐ-ಲೀಗ್ ಏಪ್ರಿಲ್‌ನಲ್ಲಿ ಮುಗಿದಿತ್ತು. ಮುಂದಿನದು ಶುರುವಾದದ್ದು 2017ರ ಜನವರಿಯಲ್ಲಿ. ನಡುವೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಐಎಸ್‌ಎಲ್. ಬಿಎಫ್‌ಸಿ ಆಗ ಐಎಸ್‌ಎಲ್‌ನಲ್ಲಿ ಇರಲಿಲ್ಲ, ಸೇರಿದ್ದು 2017ರಲ್ಲಿ. ಅಂದರೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರೂ ಬಂದದ್ದು ಬಿಎಫ್‌ಸಿಗೆ ಸ್ವಂತ ಲೀಗೇ ಇಲ್ಲದ ತಿಂಗಳುಗಳಲ್ಲಿ.

ಎದುರಾಳಿಗಳು ವಾರ ವಾರ ಲೀಗ್ ಆಡಿ ಕಾಲು ಬಿಸಿ ಇಟ್ಟುಕೊಂಡಿರುತ್ತಿದ್ದರು. ಬಿಎಫ್‌ಸಿ ಅಭ್ಯಾಸ ಮಾಡಿಕೊಂಡು, ಸಿಕ್ಕ ಸ್ನೇಹಪರ ಪಂದ್ಯ ಆಡಿಕೊಂಡು ಕಾಯಬೇಕಿತ್ತು. ಫೈನಲ್‌ನಲ್ಲಿ ಸೋತಿತು ಅನ್ನುವುದಕ್ಕಿಂತ ಈ ಸ್ಥಿತಿಯಲ್ಲಿ ಫೈನಲ್‌ವರೆಗೆ ಹೋಯಿತಲ್ಲ ಅನ್ನುವುದೇ ನನಗೆ ದೊಡ್ಡದು.

ಹಾಗಾದರೆ ಐಎಸ್‌ಎಲ್‌ಗೆ ಹೋಗಬೇಕಿದ್ದ ಆಟಗಾರರು ಏನು ಮಾಡಿದರು?

ಕಾದರು. ಆಗ ಐ-ಲೀಗ್ ಕ್ಲಬ್‌ಗಳ ಆಟಗಾರರು ಐಎಸ್‌ಎಲ್ ತಂಡಗಳಿಗೆ ಎರವಲು ಹೋಗುತ್ತಿದ್ದರು. ಸುನಿಲ್ ಛೆಟ್ರಿ, ಉದಾಂತ ಸಿಂಗ್, ಅಮರಿಂದರ್ ಸಿಂಗ್ ಮುಂಬೈ ಸಿಟಿಗೆ. ಸಿ.ಕೆ. ವಿನೀತ್, ರಿನೊ ಆಂಟೊ ಕೇರಳ ಬ್ಲಾಸ್ಟರ್ಸ್‌ಗೆ. ಯುಜೀನ್‌ಸನ್ ಲಿಂಗ್ಡೊ ಪುಣೆ ಸಿಟಿಗೆ. ಎಎಫ್‌ಸಿ ಕಪ್ ಮುಗಿಯುವವರೆಗೆ ಇವರು ಬಿಎಫ್‌ಸಿಯಲ್ಲೇ ಉಳಿದು, ಐಎಸ್‌ಎಲ್ ಅರ್ಧ ಕಳೆದ ಮೇಲೆ ಆ ತಂಡಗಳನ್ನು ಸೇರಿದರು. ವಿನೀತ್ ಅಂತೂ ತಡವಾಗಿ ಹೋಗಿಯೂ ಬ್ಲಾಸ್ಟರ್ಸ್‌ಗೆ ಐದು ಗೋಲು ಹೊಡೆದರು. ಕೇರಳದವರು ಆ ಸೀಸನ್ ಅನ್ನು ಇವತ್ತಿಗೂ ಮರೆತಿಲ್ಲ.

ಕ್ವಾರ್ಟರ್ ಫೈನಲ್ ಹೇಗಿತ್ತು?

ಬಿಗಿಯಾಗಿತ್ತು, ನೋಡಲು ಅಷ್ಟೇನೂ ಚೆಂದ ಇರಲಿಲ್ಲ. ಎದುರಾಳಿ ಬಾಗಾನ್ ಅನ್ನು ಹೊರಗೆ ಹಾಕಿದ್ದ ಟ್ಯಾಂಪಿನೀಸ್ ರೋವರ್ಸ್. ಹಿಂದೆ ಆರ್ಸೆನಲ್, ಲಿವರ್‌ಪೂಲ್‌ಗೆ ಆಡಿದ್ದ ಜರ್ಮೇನ್ ಪೆನಂಟ್ ಆ ವರ್ಷ ಅವರ ತಂಡದಲ್ಲಿದ್ದರು. ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ವಿನೀತ್ ಗೋಲು ಹೊಡೆದರು. ಅದೊಂದೇ ಗೋಲು, 1–0. ಮುಂದಿನ ವಾರ ಸಿಂಗಪುರದಲ್ಲಿ 0–0. ಒಟ್ಟು 1–0.

ರೋಕಾ ತಂಡದ ಮೊದಲ ಪರೀಕ್ಷೆ ಇದು. ಎರಡು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ ಅನ್ನುವುದನ್ನು ಗಮನಿಸಿ.

ಅವೇ ಗೋಲು ನಿಯಮ ಇತ್ತಾ?

ಆಗ ಇತ್ತು. ಎರಡು ಲೆಗ್ ಸೇರಿಸಿ ಗೋಲು ಸಮ ಆದರೆ, ಎದುರಾಳಿಯ ಊರಿನಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದಕ್ಕೆ. ಅದಕ್ಕೇ ತವರಿನಲ್ಲಿ ಗೋಲು ಬಿಟ್ಟುಕೊಡದೆ 1–0 ಗೆಲ್ಲುವುದು, ಬಿಟ್ಟುಕೊಟ್ಟು 2–1 ಗೆಲ್ಲುವುದಕ್ಕಿಂತ ಒಳ್ಳೆಯದು ಅನ್ನುತ್ತಿದ್ದರು. ಸಿಂಗಪುರದಲ್ಲಿ ಬಿಎಫ್‌ಸಿ ಒಂದು ಗೋಲು ಹೊಡೆದಿದ್ದರೂ ಟ್ಯಾಂಪಿನೀಸ್ ಮೂರು ಹೊಡೆಯಬೇಕಾಗುತ್ತಿತ್ತು. ಸೆಮಿಫೈನಲ್‌ನಲ್ಲಿ ಈ ನಿಯಮ ಇನ್ನೂ ಚೆನ್ನಾಗಿ ಆಟ ಆಡಿಸಿತು. ಅದು ಕೆಳಗೆ ಬರುತ್ತದೆ.

ಜೆಡಿಟಿ ಅಂದರೆ ಅಷ್ಟೊಂದು ದೊಡ್ಡ ತಂಡವಾ?

ಹೌದು. ಜೊಹೊರ್ ರಾಜಮನೆತನದ ತುಂಕು ಇಸ್ಮಾಯಿಲ್ ಅವರ ಬೆಂಬಲ ಇರುವ ಕ್ಲಬ್. ಮಲೇಷ್ಯಾದ ಲೀಗ್ ಅನ್ನು 2014ರಿಂದ ವರ್ಷ ವರ್ಷ ಗೆಲ್ಲುತ್ತಾ ಬಂದಿತ್ತು. 2015ರ ಎಎಫ್‌ಸಿ ಕಪ್ ಕೂಡ ಅವರದೇ. ತಜಿಕಿಸ್ತಾನದ ದುಶಾಂಬೆಯಲ್ಲಿ ಇಸ್ತಿಕ್ಲಾಲ್ ತಂಡವನ್ನು 1–0ರಿಂದ ಸೋಲಿಸಿ ಗೆದ್ದಿದ್ದರು. ಆ ವರ್ಷದ ಸೆಮಿಫೈನಲ್ ಕಥೆಯೂ ವಿಚಿತ್ರ. ಕುವೈತ್ ಫುಟ್‌ಬಾಲ್ ಸಂಸ್ಥೆಯನ್ನು ಫಿಫಾ ಅಮಾನತು ಮಾಡಿದ್ದರಿಂದ ಸೆಮಿಯಲ್ಲಿದ್ದ ಎರಡೂ ಕುವೈತ್ ಕ್ಲಬ್‌ಗಳು ಮೊದಲ ಲೆಗ್ ಆದ ಮೇಲೆ ಹೊರಗೆ ಬಿದ್ದವು. ಜೆಡಿಟಿಯೂ ಇಸ್ತಿಕ್ಲಾಲ್ ತಂಡವೂ ಎರಡನೇ ಲೆಗ್ ಆಡದೆಯೇ ಫೈನಲ್‌ಗೆ ಹೋದವು. 2016ರಲ್ಲೂ ಕುವೈತ್ ಕ್ಲಬ್‌ಗಳು ಇರಲಿಲ್ಲ.

ಬಿಎಫ್‌ಸಿಗೆ ಜೆಡಿಟಿ ಹಳೆಯ ಪರಿಚಯ. 2015ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಹೆಚ್ಚುವರಿ ಸಮಯದಲ್ಲಿ ಸೋಲು. 2016ರ ಗುಂಪಿನಲ್ಲಿ ಎರಡು ಸೋಲು. ಸೆಮಿಫೈನಲ್‌ಗೆ ಮೊದಲು ಮೂರು ಭೇಟಿ, ಮೂರೂ ಜೆಡಿಟಿ ಪಾಲು.

ಸೆಮಿಫೈನಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಿ. ಎಲ್ಲರೂ ಅದನ್ನೇ ಹೊಗಳುತ್ತಾರಲ್ಲ?

ಹೊಗಳಬೇಕಾದ್ದೇ.

ಮೊದಲ ಲೆಗ್ ಸೆಪ್ಟೆಂಬರ್ 28ರಂದು ಜೊಹೊರ್ ಬಾಹ್ರುವಿನ ಲಾರ್ಕಿನ್ ಸ್ಟೇಡಿಯಂನಲ್ಲಿ. ಜೆಡಿಟಿ ಮೊದಲು ಗೋಲು ಹೊಡೆಯಿತು. ಲಿಂಗ್ಡೊ ಸಮ ಮಾಡಿದರು. 1–1. ಬಿಎಫ್‌ಸಿ ಕೈಗೆ ಒಂದು ಅವೇ ಗೋಲು ಸಿಕ್ಕಿತು. ಬೆಂಗಳೂರಿನಲ್ಲಿ 0–0 ಆದರೂ ಫೈನಲ್ ಗ್ಯಾರಂಟಿ.

ಎರಡನೇ ಲೆಗ್ ಅಕ್ಟೋಬರ್ 19, ಬುಧವಾರ, ಕಂಠೀರವ. ಕಬ್ಬನ್ ಪಾರ್ಕ್ ಪಕ್ಕದ ಈ ಸ್ಟೇಡಿಯಂ ನೋಡಿದವರಿಗೆ ಗೊತ್ತು, ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಸ್ಟ್ಯಾಂಡ್‌ನಲ್ಲಿ ಕೂತವರಿಗೂ ಚೆಂಡಿಗೂ ತುಂಬಾ ದೂರ. ಇಂಥ ಕಡೆ ಗಲಾಟೆ ಎಬ್ಬಿಸುವುದು ಸುಲಭ ಅಲ್ಲ. ಆದರೂ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ಬಳಗ ಒಂದು ಇತ್ತು, ವೆಸ್ಟ್ ಬ್ಲಾಕ್ ಬ್ಲೂಸ್ ಅಂತ. ಆ ರಾತ್ರಿ ಬೇರೆ ಸ್ಟ್ಯಾಂಡ್‌ಗಳೂ ಅವರ ಜೊತೆ ಸೇರಿದವು.

11ನೇ ನಿಮಿಷಕ್ಕೆ ಜೆಡಿಟಿ ನಾಯಕ ಸಫೀಕ್ ರಹೀಮ್ ಗೋಲು ಹೊಡೆದರು. ಅಲ್ಲಿಗೆ ಲಾರ್ಕಿನ್‌ನಲ್ಲಿ ಸಂಪಾದಿಸಿದ ಅನುಕೂಲ ಹೋಯಿತು. ಒಟ್ಟು ಲೆಕ್ಕ 1–2. ಇನ್ನೊಂದು ಬಿದ್ದರೆ ಬಿಎಫ್‌ಸಿ ಮೂರು ಹೊಡೆಯಬೇಕಿತ್ತು. ಮೂರು ಸಲ ಸೋಲಿಸಿದ ತಂಡದ ಎದುರು ಹೀಗೆ ಆದಾಗ ಹಳೆಯ ಬಿಎಫ್‌ಸಿ ಗಾಬರಿಯಾಗಿ ಉದ್ದುದ್ದ ಚೆಂಡು ಎತ್ತುತ್ತಿತ್ತೇನೋ. ಈ ತಂಡ ಹಾಗೆ ಮಾಡಲಿಲ್ಲ. ಚೆಂಡು ಇಟ್ಟುಕೊಂಡು, ನಿಧಾನಕ್ಕೆ ಜೆಡಿಟಿಯನ್ನು ಹಿಂದೆ ತಳ್ಳಿತು.

41ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಛೆಟ್ರಿ ತಲೆ ಕೊಟ್ಟರು. 1–1. ಈಗ ಒಟ್ಟು 2–2, ಅವೇ ಗೋಲು ಕೂಡ ಒಂದೊಂದು. ಯಾರಿಗೂ ಒಂದು ಕೂದಲೆಳೆಯ ಅನುಕೂಲವೂ ಇಲ್ಲ. ಹೀಗೇ ಮುಗಿದರೆ ಹೆಚ್ಚುವರಿ ಸಮಯ.

67ನೇ ನಿಮಿಷದಲ್ಲಿ ಛೆಟ್ರಿ ದೂರದಿಂದ ಹೊಡೆದ ಗೋಲು ಅವರ ವೃತ್ತಿಜೀವನದ ಅತ್ಯುತ್ತಮ ಗೋಲುಗಳಲ್ಲಿ ಒಂದು. ಅದು ಬಲೆ ಸೇರಿದಾಗ ಜೆಡಿಟಿ ಆಟಗಾರರ ಮುಖ ನೋಡಬೇಕಿತ್ತು. 76ನೇ ನಿಮಿಷಕ್ಕೆ ಸ್ಪೇನ್‌ನ ಡಿಫೆಂಡರ್ ಹುವಾನನ್ ಮೂರನೆಯದು ಹೊಡೆದರು. 3–1, ಒಟ್ಟು 4–2. ಹಾಲಿ ಚಾಂಪಿಯನ್ ಮನೆಗೆ.

ಆಗ ದೇಶದ ಟಿವಿ ಎಲ್ಲ ಐಎಸ್‌ಎಲ್ ಕಡೆ ಮುಖ ಮಾಡಿತ್ತು. ಆದರೂ ಆ ರಾತ್ರಿ ಭಾರತದ ಫುಟ್‌ಬಾಲ್‌ನ ಮುಖ್ಯ ಸುದ್ದಿ ಐಎಸ್‌ಎಲ್‌ನಲ್ಲಿ ಇಲ್ಲದ ಕ್ಲಬ್ಬಿನದು. ನನಗಂತೂ ಇದು ಸ್ವಲ್ಪ ಖುಷಿ ಕೊಡುವ ವಿಷಯ.

ಫೈನಲ್ ದೋಹಾದಲ್ಲಿ ಯಾಕೆ? ಕತಾರ್ ತಂಡ ಇರಲಿಲ್ಲವಲ್ಲ?

ಫೈನಲ್ ಆತಿಥ್ಯ ಪಶ್ಚಿಮ ವಲಯದಿಂದ ಬಂದ ತಂಡದ ಪಾಲಿಗಿತ್ತು. ಆ ತಂಡ ಇರಾಕ್‌ನ ಅಲ್ ಕುವಾ ಅಲ್ ಜವಿಯಾ. ಆದರೆ ಭದ್ರತೆಯ ಕಾರಣಕ್ಕೆ ಇರಾಕ್‌ನಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸಲು ಆಗ ಅನುಮತಿ ಇರಲಿಲ್ಲ. ಇರಾಕ್‌ನ ಕ್ಲಬ್‌ಗಳು ‘ತವರಿನ’ ಪಂದ್ಯಗಳನ್ನು ಬೇರೆ ದೇಶದಲ್ಲಿ ಆಡಬೇಕಿತ್ತು. ಹಾಗಾಗಿ ನವೆಂಬರ್ 5ರಂದು ದೋಹಾದ ಸುಹೈಮ್ ಬಿನ್ ಹಮದ್ ಸ್ಟೇಡಿಯಂ.

ಇದರಿಂದ ಬಿಎಫ್‌ಸಿಗೆ ಅನ್ಯಾಯ ಆಯಿತು ಅನ್ನುವವರಿದ್ದಾರೆ. ಫೈನಲ್ ಬೆಂಗಳೂರಿನಲ್ಲಿ ಆಗಬೇಕಿತ್ತು ಅಂತ. ನಿಜ ಹೇಳಬೇಕೆಂದರೆ ಅನ್ಯಾಯ ಆದದ್ದು ಬಾಗ್ದಾದಿನ ಅಭಿಮಾನಿಗಳಿಗೆ. ತಮ್ಮ ಊರಿನ ತಂಡ ಏಷ್ಯಾದ ಕಪ್ ಗೆಲ್ಲುವುದನ್ನು ಅವರು ಟಿವಿಯಲ್ಲಿ ನೋಡಬೇಕಾಯಿತು. ಬಿಎಫ್‌ಸಿಗಾದರೋ ದೋಹಾದಲ್ಲಿ ಕೆಲಸ ಮಾಡುವ ಭಾರತೀಯರ ದೊಡ್ಡ ಬೆಂಬಲ ಸಿಕ್ಕಿತು. ಬೆಂಗಳೂರಿನಿಂದಲೂ ಅಭಿಮಾನಿಗಳು ಹೋಗಿದ್ದರು.

ಎದುರಾಳಿ ಯಾವ ತರದ ತಂಡ?

ಅಲ್ ಕುವಾ ಅಲ್ ಜವಿಯಾ ಅಂದರೆ ಅರಬ್ಬಿಯಲ್ಲಿ ವಾಯುಪಡೆ. ಹೆಸರೇ ಹೇಳುವ ಹಾಗೆ ಇರಾಕ್ ವಾಯುಪಡೆಯ ಕ್ಲಬ್, 1931ರಲ್ಲಿ ಹುಟ್ಟಿದ್ದು. ಬಿಎಫ್‌ಸಿಗೆ ಆಗ ಮೂರು ವರ್ಷ ವಯಸ್ಸು. ಸೆಮಿಫೈನಲ್‌ನಲ್ಲಿ ಲೆಬನಾನ್‌ನ ಅಲ್ ಅಹೆದ್ ತಂಡವನ್ನು ಸೋಲಿಸಿ ಬಂದಿದ್ದರು. ಅವರ ಸ್ಟ್ರೈಕರ್ ಹಮ್ಮಾದಿ ಅಹ್ಮದ್ ಆ ಟೂರ್ನಿಯೊಂದರಲ್ಲೇ 16 ಗೋಲು ಹೊಡೆದರು. ಅತಿ ಹೆಚ್ಚು ಗೋಲು, ಟೂರ್ನಿಯ ಶ್ರೇಷ್ಠ ಆಟಗಾರ ಎರಡೂ ಗೌರವ ಅವರಿಗೇ.

ಫೈನಲ್‌ನಲ್ಲಿ ಗೋಲ್‌ಕೀಪರ್ ಅಮರಿಂದರ್ ಯಾಕೆ ಆಡಲಿಲ್ಲ?

ಹಳದಿ ಕಾರ್ಡ್. ನಾಕೌಟ್‌ನಲ್ಲಿ ಎರಡಾದ್ದರಿಂದ ಒಂದು ಪಂದ್ಯದ ನಿಷೇಧ, ಆ ಒಂದು ಪಂದ್ಯ ಫೈನಲ್ ಆಯಿತು. ಗೋಲ್‌ಕೀಪರ್ ಹಳದಿ ಕಾರ್ಡ್‌ನಿಂದ ಫೈನಲ್ ತಪ್ಪಿಸಿಕೊಳ್ಳುವುದು ಅಪರೂಪ. ಮಿಜೋರಾಂನ ಲಾಲ್‌ತುವಾಮಾವಿಯಾ ರಾಲ್ಟೆ ಗೋಲು ಕಾಯಲು ನಿಂತರು.

ಪಂದ್ಯದಲ್ಲಿ ಆದದ್ದೇನು?

0–1. ಗೋಲು 70ನೇ ನಿಮಿಷದಲ್ಲಿ, ಹಮ್ಮಾದಿ ಅಹ್ಮದ್ ಕಾಲಿನಿಂದ. ಅಮ್ಜದ್ ರಾದಿ ದಾರಿ ಮಾಡಿಕೊಟ್ಟರು, ಹಮ್ಮಾದಿಗೆ ಹತ್ತಿರದಿಂದ ತಳ್ಳುವ ಕೆಲಸ ಅಷ್ಟೇ ಉಳಿದಿತ್ತು. ಅಲ್ಲಿಯವರೆಗೆ ರಾಲ್ಟೆ ತಂಡವನ್ನು ಕಾಪಾಡಿಕೊಂಡು ಬಂದಿದ್ದರು. ಆಮೇಲೆ ಬಿಎಫ್‌ಸಿ ಮುಂದೆ ನುಗ್ಗಿತು, ಗೋಲು ಬರಲಿಲ್ಲ. ಅಲ್ ಕುವಾ ಅಲ್ ಜವಿಯಾ ಎಎಫ್‌ಸಿ ಕಪ್ ಗೆದ್ದ ಇರಾಕ್‌ನ ಮೊದಲ ಕ್ಲಬ್ ಆಯಿತು.

ರಾಲ್ಟೆ ಬದಲು ಅಮರಿಂದರ್ ಇದ್ದಿದ್ದರೆ ಗೆಲ್ಲುತ್ತಿತ್ತಾ?

ಈ ಪ್ರಶ್ನೆ ನಿಲ್ಲುವುದೇ ಇಲ್ಲ. ನನ್ನ ಪ್ರಕಾರ ಇಲ್ಲ. ಆ ಗೋಲಿಗೆ ಗೋಲ್‌ಕೀಪರ್ ಕಾರಣ ಅಲ್ಲ. ಸುಮ್ನೆ ರಾಲ್ಟೆ ಮೇಲೆ ಹೊರಿಸುತ್ತಾರೆ. ಕೊರತೆ ಇದ್ದದ್ದು ಇನ್ನೊಂದು ತುದಿಯಲ್ಲಿ. ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗೆ ಬಿಎಫ್‌ಸಿ ಐದು ಪಂದ್ಯ ಆಡಿತು. ಅಕ್ಟೋಬರ್ 19ರ ರಾತ್ರಿ ಬಿಟ್ಟರೆ ಉಳಿದ ನಾಲ್ಕರಲ್ಲಿ ಬಂದದ್ದು ಎರಡೇ ಗೋಲು. ರೋಕಾ ತಂಡದಲ್ಲಿ ಪಕ್ಕಾ ವಿದೇಶಿ ಸ್ಟ್ರೈಕರ್ ಇರಲಿಲ್ಲ. ಗೋಲಿನ ಭಾರ ಛೆಟ್ರಿ, ವಿನೀತ್ ಮೇಲೆ. ಎದುರಿಗೆ 16 ಗೋಲಿನ ಮನುಷ್ಯ. ಪಂದ್ಯ ತೀರ್ಮಾನ ಆದದ್ದು ಅಲ್ಲಿ.

ಎಷ್ಟು ವಿದೇಶಿಯರು ಆಡಬಹುದಿತ್ತು?

ಎಎಫ್‌ಸಿ ನಿಯಮ ‘3+1’. ಯಾವ ದೇಶದವರಾದರೂ ಮೂವರು, ಜೊತೆಗೆ ಏಷ್ಯಾ ಒಕ್ಕೂಟದ ಒಬ್ಬರು. ರೋಕಾ ತಂಡದಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್, ಸ್ಪೇನ್‌ನ ಹುವಾನನ್ ಮತ್ತು ಆಲ್ವರೊ ರೂಬಿಯೊ, ಏಷ್ಯಾ ಕೋಟಾದಲ್ಲಿ ಆಸ್ಟ್ರೇಲಿಯಾದ ಕ್ಯಾಮರಾನ್ ವಾಟ್ಸನ್. ಆಸ್ಟ್ರೇಲಿಯಾ ಏಷ್ಯಾ ಹೇಗಾಯಿತು ಅಂತ ಕೇಳಬೇಡಿ, 2006ರಲ್ಲಿ ಅವರು ಏಷ್ಯಾ ಒಕ್ಕೂಟ ಸೇರಿಕೊಂಡರು. ನಾಲ್ವರಲ್ಲಿ ಇಬ್ಬರು ಡಿಫೆಂಡರ್, ಇಬ್ಬರು ಮಿಡ್‌ಫೀಲ್ಡರ್. ಮೇಲಿನ ಪ್ರಶ್ನೆಗೆ ಉತ್ತರ ಇಲ್ಲೂ ಇದೆ, ಅಲ್ವಾ?

ತಂಡದಲ್ಲಿ ಕನ್ನಡಿಗರು ಯಾಕೆ ಅಷ್ಟು ಕಡಿಮೆ?

ನ್ಯಾಯವಾದ ಪ್ರಶ್ನೆ. ಆ ಓಟದಲ್ಲಿ ಹೆಸರು ಮಾಡಿದವರನ್ನೇ ನೋಡಿ. ವಿನೀತ್, ರಿನೊ ಕೇರಳದವರು. ಲಿಂಗ್ಡೊ ಮೇಘಾಲಯ, ಉದಾಂತ ಮಣಿಪುರ, ರಾಲ್ಟೆ ಮಿಜೋರಾಂ, ಅಮರಿಂದರ್ ಪಂಜಾಬ್. 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಕಟ್ಟಿದ ಕ್ಲಬ್ ಇದು. ಬಂದ ಕೂಡಲೇ ಗೆಲ್ಲಬೇಕಿತ್ತು. ದೇಶದಲ್ಲಿ ಸಿಗುವ ಒಳ್ಳೆಯವರನ್ನು ಒಟ್ಟುಗೂಡಿಸಿತು.

ಆದರೆ ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದೇ ಬಿಎಫ್‌ಸಿಯಿಂದ ಅನ್ನುವ ಮಾತನ್ನು ಒಪ್ಪಲು ಆಗುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಕಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಪರ ಮೆರೆದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆ ಫುಟ್‌ಬಾಲ್ ತಲೆಮಾರುಗಳಿಂದ ಇದೆ. ಐಟಿಐ, ಎಚ್‌ಎಎಲ್ ತಂಡಗಳ ಆಟಕ್ಕೆ ಜನ ಸೇರುತ್ತಿದ್ದ ಕಾಲ ಇತ್ತು. ಬಿಎಫ್‌ಸಿ ತಂದದ್ದು ಬೇರೆ: ಟಿಕೆಟ್ ಕೊಂಡು, ನೀಲಿ ಜೆರ್ಸಿ ಹಾಕಿಕೊಂಡು, ಊರಿನ ಹೆಸರಿನ ತಂಡಕ್ಕೆ ಕೂಗುವ ಹೊಸ ಜನ. ಹಳೆಯ ಗಲ್ಲಿಗಳ ಫುಟ್‌ಬಾಲ್ ಮತ್ತು ಈ ಹೊಸ ಜನ ಪೂರ್ತಿ ಬೆರೆಯಲಿಲ್ಲ ಅನ್ನುವುದು ನನ್ನ ಅನಿಸಿಕೆ. ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಕಂಠೀರವದ ಗದ್ದಲದ ಕಾಲು ಭಾಗವೂ ಕೇಳಲಿಲ್ಲ.

ಬಿಎಫ್‌ಸಿಗೆ ಮೊದಲು ಭಾರತದ ಕ್ಲಬ್‌ಗಳು ಎಲ್ಲಿಯವರೆಗೆ ಹೋಗಿದ್ದವು?

ಸೆಮಿಫೈನಲ್‌ವರೆಗೆ. 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್.

ಆಮೇಲೆ ಬಿಎಫ್‌ಸಿ ಮತ್ತೆ ಹತ್ತಿರ ಬಂದಿತ್ತಾ?

2017ರಲ್ಲಿ ಬಂದಿತ್ತು. ಆ ವರ್ಷದಿಂದ ವಲಯಗಳನ್ನು ಬದಲಿಸಿದರು. ಭಾರತಕ್ಕೆ ದಕ್ಷಿಣ ಏಷ್ಯಾ ವಲಯ, ಆಮೇಲೆ ವಲಯಗಳ ನಡುವಿನ ಪ್ಲೇ-ಆಫ್. ಬಿಎಫ್‌ಸಿ ಅದರ ಫೈನಲ್‌ವರೆಗೆ ಹೋಗಿ ಇಸ್ತಿಕ್ಲಾಲ್‌ಗೆ ಸೋತಿತು. ದುಶಾಂಬೆಯಲ್ಲಿ 0–1, ಬೆಂಗಳೂರಿನಲ್ಲಿ 2–2. ಅದನ್ನು ಗೆದ್ದಿದ್ದರೆ ಮತ್ತೆ ಅದೇ ಅಲ್ ಕುವಾ ಅಲ್ ಜವಿಯಾ ಎದುರು ಫೈನಲ್ ಆಗುತ್ತಿತ್ತು. ಆ ಇರಾಕ್ ತಂಡ 2017, 2018ರಲ್ಲೂ ಕಪ್ ಗೆದ್ದಿತು, ಸತತ ಮೂರು. 2018ರ ಫೈನಲ್ ಅನ್ನು ಅವರು ಆಡಿದ್ದು ಬಸ್ರಾದಲ್ಲಿ, ಸ್ವಂತ ದೇಶದಲ್ಲಿ, ಸ್ವಂತ ಜನರ ಮುಂದೆ.

2016ರ ತಂಡದ ಯಾರಾದರೂ ಇನ್ನೂ ಬಿಎಫ್‌ಸಿಗೆ ಆಡುತ್ತಿದ್ದಾರಾ?

ಆ ತಂಡ ಬೇಗ ಚೆದುರಿತು. ವಿನೀತ್, ಅಮರಿಂದರ್, ರಿನೊ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಹುವಾನನ್ ಐಎಸ್‌ಎಲ್ ಗೆದ್ದ ತಂಡದಲ್ಲೂ ಇದ್ದರು. ಉಳಿದುಕೊಂಡವರು ಛೆಟ್ರಿ. 2024–25ರ ಸೀಸನ್‌ನಲ್ಲೂ, ನಲವತ್ತರ ವಯಸ್ಸಿನಲ್ಲಿ, ಬಿಎಫ್‌ಸಿಯನ್ನು ಐಎಸ್‌ಎಲ್ ಫೈನಲ್‌ವರೆಗೆ ಕರೆದುಕೊಂಡು ಹೋದರು.

ಎಎಫ್‌ಸಿ ಕಪ್ ಈಗಲೂ ನಡೆಯುತ್ತಾ?

ಇಲ್ಲ. 2023–24ರ ಸೀಸನ್ ಕೊನೆಯದು, ಗೆದ್ದದ್ದು ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್. ಅದರ ಜಾಗದಲ್ಲಿ ಈಗ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಇದೆ. ಎಎಫ್‌ಸಿ ಕಪ್ ಇದ್ದಷ್ಟು ವರ್ಷಗಳಲ್ಲಿ ಅದರ ಫೈನಲ್ ಆಡಿದ ಭಾರತದ ಕ್ಲಬ್ ಬೆಂಗಳೂರು ಎಫ್‌ಸಿ ಒಂದೇ.